ನಡುವಿನ ಗುಂಡಿಗಳು

ಪುಸ್ತಕದ ಕಪಾಟಿನ ಗಾಜು ಗಡಗಡ ನಡುಗಿತೆಂದರೆ ಬೇಸ್ ನುಡಿಸುವ ದಪ್ಪತಂತಿಗೆ ಅಂದು ಉಂಡದ್ದು ಮೈಗೆ ಹತ್ತಿತು ಅಂತಲೇ ಲೆಕ್ಕ. ಕಾರ್ಮಿಕ ಸಂಘದ ಓದುಮನೆಯ ಹಿಂದಿನ ಕೋಣೆಯಲ್ಲಿ ಮೂರುಕಾಲಿನ ಸ್ಟೂಲಿನ ಮೇಲೆ ಕೂತು ಅವಳು ತನ್ನ ಬೇಸ್ ಗಿಟಾರಿನ ಮೇಲಿನ ತಂತಿಯನ್ನು ಒಮ್ಮೆ ಮೀಟಿದರೆ ಸದ್ದು ನೆಲದೊಳಗಿಂದ ಎದ್ದು ಅಂಗಾಲಿಗೆ ಹತ್ತುತ್ತಿತ್ತು. ಲೋಕವನ್ನು ಬದಲಿಸುತ್ತೇವೆ ಎಂದು ಸಾವಿರಾರು ಪುಟ ಬರೆದವರೆಲ್ಲ ಗಾಜಿನ ಹಿಂದೆ ಸಾಲಾಗಿ ನಿಂತು ನಡುಗುತ್ತಿದ್ದರು.

"ನೋಡು, ಬರೆದೋರೆಲ್ಲ ತಲೆ ಆಡಿಸ್ತಿದಾರೆ" ಎಂದು ಡ್ರಮ್ ಬಾರಿಸುವ ಡಬ್ಬಣ್ಣ ನಗುತ್ತಿದ್ದ.

ಸಂಘದ ಹಾಡಿನ ತಂಡದಲ್ಲಿ ಯಾರಿಗೂ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿರಲಿಲ್ಲ. ಹಾಡುವವನು ಗಂಟಲು, ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ಲೋಡಿಂಗಿನಲ್ಲಿ ಕೆಲಸ, ಸಂಘಕ್ಕೆ ಕಾರ್ಯದರ್ಶಿ. ಡಬ್ಬಣ್ಣ ಅದೇ ಕಾರ್ಖಾನೆಯ ಅಂಟಿನ ವಿಭಾಗದವನು, ಮೊದಲ ಮುಷ್ಕರದಲ್ಲಿ ಖಾಲಿ ಅಂಟಿನ ಡಬ್ಬಗಳನ್ನೇ ಬಡಿದು ಕೈ ಪಳಗಿಸಿಕೊಂಡವನು. ದಪ್ಪತಂತಿ ಕ್ರೀಸಿಂಗಿನವಳು. ಪೆಟ್ಟಿಗೆ ಮಡಚುವ ಜಾಗದಲ್ಲಿ ರಟ್ಟಿನ ಮೇಲೆ ಗೆರೆ ಒತ್ತುವ ಆ ವಿಭಾಗದಲ್ಲಿ ಹೆಂಗಸರೇ ಇದ್ದರು. ಸೌಂಡ್ ನೋಡಿಕೊಳ್ಳುವವನು ಅವಳ ಸ್ವಂತ ಅಣ್ಣ. ಸ್ಪೀಕರು, ಆಂಪ್ಲಿಫೈಯರು ರಿಪೇರಿ ಮಾಡುವ ಅಂಗಡಿಯವನು. ಊರೆಲ್ಲ ಅವನನ್ನು ಸೌಂಡಪ್ಪ ಎನ್ನುತ್ತಿತ್ತು, ಅವಳೊಬ್ಬಳೇ ಅಣ್ಣ ಎನ್ನುತ್ತಿದ್ದಳು.

ತಂಡಕ್ಕೆ ಹೆಸರು ತಂದ ಹಾಡು ಒಂದೇ. ಅದರ ಬೇರು ಅವಳ ಕೈಯಲ್ಲಿತ್ತು. ಕ್ರೀಸಿಂಗ್ ಮಷಿನ್ ಒತ್ತುವಾಗ ಒಂದು ಭಾರದ ಪೆಟ್ಟು, ಹಿಂದೆಯೇ ಎರಡು ಅವಸರದ ಪೆಟ್ಟು, ಆಮೇಲೆ ಹೊಸ ರಟ್ಟು ಒಳಗೆ ಹೋಗುವ ತನಕ ಒಂದು ಸಣ್ಣ ಮೌನ. ಧಂ, ಧಂಧಂ, ಏನಿಲ್ಲ. ಧಂ, ಧಂಧಂ, ಏನಿಲ್ಲ. ಆ ಏನಿಲ್ಲದ ಜಾಗದಲ್ಲಿ ಬೆರಳು ಹಿಂದಕ್ಕೆ ತೆಗೆಯದಿದ್ದರೆ ಬೆರಳೇ ಹೋದ ಹಾಗೆ. ಆ ವಿಭಾಗದ ಹೆಂಗಸರಿಗೆ ಅದು ನಿದ್ದೆಯಲ್ಲೂ ಗೊತ್ತು. ಹಾಡಿನ ಎರಡನೇ ಚರಣ ಮುಗಿದ ಮೇಲೆ ಗಂಟಲು ಸುಮ್ಮನಾಗುತ್ತಿದ್ದ. ಬೇಸ್ ಮತ್ತು ಡ್ರಮ್ ಮಾತ್ರ, ಹಾಡಿನುದ್ದಕ್ಕೂ ಕೆಳಗೆ ನಡೆದಿದ್ದ ಈ ಪೆಟ್ಟನ್ನು ಹಿಡಿದು ಮುಂದೆ ಹೋಗುತ್ತಿದ್ದವು. ಅದಕ್ಕೆ ಮೂಕ ಚರಣ ಎಂದು ಹೆಸರು ಬಿದ್ದಿತ್ತು. ಮೊದಮೊದಲು ಕಾರ್ಖಾನೆಯ ಗೇಟಿನ ಮುಂದೆ ಅದು ಶುರುವಾದರೆ ಹೆಂಗಸರು ಕಾಲು ಅಪ್ಪಳಿಸುತ್ತಿದ್ದರು, ಆ ಒಂದು ಮೌನದಲ್ಲಿ ಎಲ್ಲರ ಕೈಗಳೂ ಒಟ್ಟಿಗೆ ಮೇಲೆ ಹೋಗುತ್ತಿದ್ದವು. ಒಳಗಿನ ಆಫೀಸಿನವರು ಕಿಟಕಿ ಹಾಕಿಕೊಳ್ಳುತ್ತಿದ್ದರು.

ಯಾವಾಗಿನಿಂದಲೋ ಆ ಕಾಲುಗಳು ಸುಮ್ಮನಾಗಿದ್ದವು. ಗಂಟಲು ಬಾಯಿ ಮುಚ್ಚಿದೊಡನೆ ಜನ ಹಾಡು ಮುಗಿಯಿತೆಂದು ಚಪ್ಪಾಳೆ ತಟ್ಟಿ, ಪಕ್ಕದವರ ಹತ್ತಿರ ಮಾತಿಗೆ ಕೂರುತ್ತಿದ್ದರು. ಅವಳು ಬೆರಳು ಕಿತ್ತುಹೋಗುವಂತೆ ಮೀಟುತ್ತಿದ್ದಳು. ಕಾಲಡಿ ಹಲಗೆ ನಡುಗುತ್ತಿತ್ತು, ಎದುರಿಗಿದ್ದವರು ಆಕಳಿಸುತ್ತಿದ್ದರು.

ಇಂಥ ಹೊತ್ತಿಗೇ ಕಂಪನಿ ಕ್ರೀಸಿಂಗ್ ವಿಭಾಗವನ್ನು ಗುತ್ತಿಗೆಗೆ ಕೊಡುತ್ತೇವೆ ಎಂದಿತು. ಭಾನುವಾರ ಗೇಟಿನ ಎದುರಿನ ಮೈದಾನದಲ್ಲಿ ಸುತ್ತಲಿನ ಎಲ್ಲ ಕಾರ್ಖಾನೆಗಳ ಸಂಘಗಳ ಸಭೆ. ಆ ಹೆಂಗಸರ ಜೊತೆ ಉಳಿದವರು ನಿಲ್ಲುತ್ತಾರೋ ಇಲ್ಲವೋ ಅಲ್ಲಿ ತೀರ್ಮಾನ. ಅದರ ಹಿಂದಿನ ವಾರ ಗಂಟಲು ತಂಡವನ್ನು ಕೂರಿಸಿಕೊಂಡು ಕೆಮ್ಮಿದ. ಅವನು ಕೆಮ್ಮಿದನೆಂದರೆ ಯಾರದ್ದೋ ತಲೆಯ ಮೇಲೆ ಕಲ್ಲು ಬೀಳಲಿದೆ ಎಂದೇ ಅರ್ಥ.

"ಮೂಕ ಚರಣ ಈ ಸಲ ಬೇಡ. ಎರಡನೇ ಚರಣದಿಂದ ಸೀದಾ ಮೂರನೇದಕ್ಕೆ ಹೋಗೋಣ. ಜನ ತಣ್ಣಗಾಗಿಬಿಡ್ತಾರೆ."

"ಆ ಸಭೆ ಇರೋದೇ ಕ್ರೀಸಿಂಗಿನವರಿಗೋಸ್ಕರ. ಅವರ ಚರಣಾನೇ ಬೇಡ ಅಂದ್ರೆ?" ಎಂದಳು ದಪ್ಪತಂತಿ.

"ಚರಣ ಚೆನ್ನಾಗಿದೆ ತಂಗಿ, ನಾನು ಅದನ್ನ ಹೇಳ್ತಿಲ್ಲ. ನಿನ್ನ ಬೆರಳು ಸೋತಿದೆ. ಕೇಳೋದಿಲ್ಲ. ಕೇಳದೇ ಇರೋದನ್ನ ಹಿಡಕೊಂಡು ಏನ್ ಮಾಡೋಣ? ಸುಮ್ಮನೆ ಒಂದು ಕೀಬೋರ್ಡ್ ಕರೆಸಿದರೆ ಬೇಸೂ ಬರುತ್ತೆ, ಎಲ್ಲಾನೂ ಬರುತ್ತೆ. ನೀನು ಕೋರಸ್ಸಿಗೆ ನಿಂತ್ಕೊ."

ಅವಳು ಅಣ್ಣನ ಕಡೆ ನೋಡಿದಳು. ಅಣ್ಣ ವೈರಿನ ತುದಿ ಸುಲಿಯುತ್ತಿದ್ದ.

"ಇನ್ನೂ ಒಂದು ವಾರ ಇದೆಯಲ್ಲ, ಸಾಧನೆ ಮಾಡ್ಲಿ, ನೋಡೋಣ" ಎಂದ, ತಲೆ ಎತ್ತದೆ.

ಅಷ್ಟು ಅಂದದ್ದಕ್ಕೇ ಅವಳ ಕಣ್ಣು ತುಂಬಿತು. ಅಣ್ಣ ತನ್ನ ಪರ ನಿಂತನಲ್ಲ! ಅಂದಿನಿಂದ ಪಾಳಿ ಮುಗಿಸಿ ಬಂದವಳೇ ಓದುಮನೆಗೆ ಓಡಿ ಮೀಟತೊಡಗಿದಳು. ತೋರುಬೆರಳು, ನಡುಬೆರಳು ಎರಡರ ತುದಿಗೂ ಬೊಬ್ಬೆ ಬಂತು, ಒಡೆಯಿತು, ಮತ್ತೆ ಬಂತು. ಮನೆಯಲ್ಲಿ ಅಣ್ಣನೇ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮುಲಾಮು ಹಚ್ಚಿದ. "ಮೆಲ್ಲಗೆ ಪುಟ್ಟಿ, ಇಷ್ಟೊಂದು ಹಟ ಮಾಡಬಾರದು" ಎಂದ. ಹಚ್ಚುವಾಗ ಊದಿದ ಕೂಡ.

ಗುರುವಾರ ಸಂಜೆ ಅಣ್ಣನಿಗೆ ಅಂಗಡಿಯಲ್ಲಿ ಕೆಲಸವಿತ್ತು. ಓದುಮನೆಯಲ್ಲಿ ಅವಳೂ ಡಬ್ಬಣ್ಣನೂ ಇಬ್ಬರೇ. ಕ್ರೀಸಿಂಗಿನ ಹಿರಿಯಳು ದೊಡ್ಡಕ್ಕ ಓದಿದ ಪುಸ್ತಕ ವಾಪಸು ಕೊಡಲು ಬಂದಿದ್ದಳು. ಡಬ್ಬಣ್ಣ ತನ್ನ ಫೋನು ದಪ್ಪತಂತಿಯ ಕಡೆ ನೀಡಿ, ಹೋದ ತಿಂಗಳು ಗೇಟಿನ ಮುಂದೆ ಯಾರೋ ಜನರ ನಡುವೆ ನಿಂತು ಹಿಡಿದ ವಿಡಿಯೋ ಹಾಕಿದ. ಗಂಟಲಿನ ಹಾಡು, ಅವನದೇ ಗಿಟಾರು, ಡಬ್ಬಣ್ಣನ ಡ್ರಮ್, ಹಿಂದೊಂದು ಲಾರಿಯ ಹಾರನ್. ಅವಳು ಕಾಣುತ್ತಿದ್ದಳು, ಕೈ ಆಡುತ್ತಿತ್ತು. ಸದ್ದು ಮಾತ್ರ ಇಲ್ಲವೇ ಇಲ್ಲ.

"ಫೋನಿಗೆ ಅಷ್ಟು ಕೆಳಗಿನ ಸದ್ದು ಹಿಡಿಯೋಕೆ ಆಗಲ್ಲ ಬಿಡು" ಎಂದಳು ದಪ್ಪತಂತಿ.

"ನಾನೂ ಹಂಗೇ ಅಂದ್ಕೊಂಡೆ. ಆದ್ರೆ ಅಲ್ಲೇ ನಿಂತಿದ್ದ ದೊಡ್ಡಕ್ಕನಿಗೂ ಕೇಳಲಿಲ್ಲವಂತೆ. ಅವಳಿಗೇನು ಫೋನಿನ ಕಿವಿ ಇದೆಯಾ?"

ದೊಡ್ಡಕ್ಕ ಮುಜುಗರದಿಂದ ಸೆರಗು ಸರಿಮಾಡಿಕೊಂಡಳು. "ಬೇಜಾರು ಮಾಡ್ಕೋಬೇಡ ಮಗಳೇ. ನೀನು ಅದನ್ನ ಸುಮ್ಮನೆ ಹೆಗಲಿಗೆ ಹಾಕ್ಕೊಂಡು ನಿಂತಿದೀಯ ಅಂತ ನಾವೆಲ್ಲ ಅಂದ್ಕೊಂಡಿದ್ವಿ. ಚಂದಕ್ಕೆ."

ಚಂದಕ್ಕೆ! ದಪ್ಪತಂತಿ ಸಿಟ್ಟಿನಿಂದ ಒಂದು ಪೆಟ್ಟು ಮೀಟಿದಳು. ಕಪಾಟಿನ ಗಾಜು ಗಡಗಡ ಎಂದಿತು. "ಇದು ಕೇಳಲ್ವಾ? ಇದು?"

"ಇದು ಕೇಳುತ್ತಪ್ಪ. ಹೊಟ್ಟೇಲೆಲ್ಲ ಕೇಳುತ್ತೆ."

"ಸರಿ, ನೀನು ಬೀದಿಗೆ ಹೋಗಿ ನಿಂತ್ಕೊ. ಡಬ್ಬಣ್ಣ, ಬಾರಿಸು. ಫೋನಲ್ಲಿರೋ ಗಂಟಲಣ್ಣನ ಹಾಡನ್ನ ಆ ಸ್ಪೀಕರಿಗೆ ಹಾಕು."

ದೊಡ್ಡಕ್ಕ ಹೊರಗೆ ಹೋಗಿ ಎದುರಿನ ಸೈಕಲ್ ಅಂಗಡಿಯ ಗೋಡೆಗೆ ಒರಗಿ ನಿಂತಳು. ಮೂಕ ಚರಣ ಪೂರ್ತಿ ನುಡಿಸಿ ಮುಗಿಸಿ, ದಪ್ಪತಂತಿ ಕಿಟಕಿಯಿಂದ ತಲೆ ಹಾಕಿ ಕೂಗಿದಳು, "ಹೇಗಿತ್ತು?"

"ನಿನ್ನ ತಂತಿ ಶುರು ಮಾಡು, ಕಾಯ್ತಿದೀನಿ!"

ಡಬ್ಬಣ್ಣ ನಗಲು ಹೋದವನು ಅವಳ ಮುಖ ನೋಡಿ ನಗು ನುಂಗಿಕೊಂಡ.

ಅವಳ ಆಂಪ್ಲಿಫೈಯರಿನ ಮೇಲೆ ಕಪ್ಪು ತಗಡಿನ ಒಂದು ಪೆಟ್ಟಿಗೆಯಿತ್ತು, ಈಕ್ವಲೈಸರು. ಸದ್ದನ್ನು ತಗ್ಗಿನಿಂದ ಮೇಲಿನವರೆಗೆ ಹೋಳು ಮಾಡಿ, ಯಾವ ಹೋಳು ಎಷ್ಟು ಬೇಕೋ ಅಷ್ಟು ಏರಿಸಿ ಇಳಿಸುವ ಪೆಟ್ಟಿಗೆ ಅದು. ಮುಖದ ಮೇಲೆ ಸಾಲಾಗಿ ಜಾರುವ ಗುಂಡಿಗಳು. ಎಡಗಡೆಯವು ಗುಡುಗು, ಬಲಗಡೆಯವು ತಂತಿಯ ಕಿಣಿಕಿಣಿ, ನಡುವಿನವು ಮಾತು. ಅಣ್ಣ ಆ ಗುಂಡಿಗಳನ್ನೆಲ್ಲ ತಾನೇ ಕೂತು ಹೊಂದಿಸಿ, ಜಾರಬಾರದೆಂದು ಅಡ್ಡಲಾಗಿ ಟೇಪು ಅಂಟಿಸಿಟ್ಟಿದ್ದ. ಎಡ ತುದಿಯವು ಮೇಲೆ, ಬಲ ತುದಿಯವು ಮೇಲೆ, ನಡುವಿನವು ಪಾತಾಳಕ್ಕೆ. ದೂರದಿಂದ ನೋಡಿದರೆ ನಗುವ ಬಾಯಿಯ ಹಾಗೆ. ಹೊಂದಿಸಿದ ದಿನ ಅವಳೊಬ್ಬಳನ್ನೇ ಕೂರಿಸಿ ನುಡಿಸಲು ಹೇಳಿದ್ದ. ಎಂಥ ಸದ್ದು ಅದು! ಕೆಳಗೆ ಗವಿಯಷ್ಟು ಆಳ, ಮೇಲೆ ಗಾಜಿನಷ್ಟು ಹೊಳಪು. "ಇದನ್ನ ಮುಟ್ಟಬೇಡ ಪುಟ್ಟಿ. ಇದಕ್ಕಿಂತ ಚೆನ್ನಾಗಿ ಯಾರೂ ಮಾಡಿಕೊಡಲ್ಲ" ಎಂದಿದ್ದ. ಅವಳು ಮುಟ್ಟಿರಲಿಲ್ಲ. ಒರೆಸುವಾಗಲೂ ಆ ಪೆಟ್ಟಿಗೆಯ ಬೆನ್ನು ಮಾತ್ರ ಒರೆಸುತ್ತಿದ್ದಳು.

ಈಗ ಉಗುರಿನಿಂದ ಟೇಪಿನ ತುದಿ ಎಬ್ಬಿಸಿದಳು. ಬೊಬ್ಬೆಯ ಬೆರಳು ಉರಿಯಿತು.

"ಸೌಂಡಪ್ಪ ಬೈಯಲ್ವಾ?" ಎಂದ ಡಬ್ಬಣ್ಣ.

"ಬೈದ್ರೆ ನನ್ನಣ್ಣ ತಾನೇ. ನೀನು ಬಾರಿಸ್ತಾ ಇರು. ನಿಲ್ಲಿಸಬೇಡ."

ಮೊದಲು ಎಡಗಡೆಯದನ್ನು ಇನ್ನಷ್ಟು ಏರಿಸಿದಳು. ಗಾಜು ಬೊಬ್ಬಿಟ್ಟಿತು, ಬೀದಿಯಲ್ಲಿ ದೊಡ್ಡಕ್ಕ ಕೈ ಅಲ್ಲಾಡಿಸಿದಳು, ಇಲ್ಲ. ಬಲಗಡೆಯದನ್ನು ಏರಿಸಿದಳು. ತಂತಿಯ ಮೇಲೆ ಬೆರಳು ಉಜ್ಜುವ ಕರಕರ ಬಂತು. ಅದು ಡಬ್ಬಣ್ಣನ ತಾಳದ ತಟ್ಟೆಯಲ್ಲಿ ಕರಗಿಹೋಯಿತು. ಕೊನೆಗೆ, ಏನೂ ತೋಚದೆ, ನಡುವಿನ ಗುಂಡಿಗಳಿಗೆ ಕೈ ಹಾಕಿದಳು. ಎಷ್ಟೋ ಕಾಲದಿಂದ ಅಲುಗದವು ಧೂಳು ಕಚ್ಚಿಕೊಂಡು ಕೂತಿದ್ದವು. ಒಂದೊಂದಾಗಿ ಮೇಲಕ್ಕೆ ತಳ್ಳಿ, ತುಂಬಿ ತುಳುಕುತ್ತಿದ್ದ ಎಡಗಡೆಯದನ್ನು ಕೆಳಗಿಳಿಸಿದಳು. ಗಾಜು ತಟ್ಟನೆ ಸುಮ್ಮನಾಯಿತು. ಅಯ್ಯೋ, ಇರೋದೂ ಹೋಯಿತಲ್ಲ! ಸ್ಪೀಕರಿನ ಹಾಡು ಮುಗಿದು, ಡಬ್ಬಣ್ಣ ಕೋಲು ತಿರುಗಿಸಲು ನಿಲ್ಲಿಸಿದ ಒಂದು ಗಳಿಗೆ ಅವಳ ತಂತಿ ಒಂಟಿಯಾಗಿ ಕೇಳಿತು. ನೆಗಡಿ ಬಂದವಳು ಮೂಗಿನಲ್ಲಿ ಮಾತಾಡಿದ ಹಾಗಿತ್ತು, ಒರಟು, ಗಂಟುಗಂಟು.

"ಥೂ, ಏನಿದು ಸದ್ದು" ಎಂದಳು.

ಡಬ್ಬಣ್ಣ ಮತ್ತೆ ಬಾರಿಸಿದ, ಸ್ಪೀಕರಿನಲ್ಲಿ ಹಾಡು ಮರಳಿತು, ಅವಳು ಬೇಸರದಿಂದಲೇ ಮೀಟಿದಳು. ಧಂ, ಧಂಧಂ, ಏನಿಲ್ಲ. ಗಂಟಲಿನ ದನಿಯ ಕೆಳಗಿನಿಂದ, ಡ್ರಮ್ಮಿನ ಪಕ್ಕದಿಂದ, ಅಕ್ಷರ ಅಕ್ಷರವಾಗಿ, ಅದು ಎದ್ದು ನಿಂತಿತು. ಒಂಟಿಯಾಗಿ ಕುರೂಪವಾಗಿದ್ದದ್ದು ಎಲ್ಲರ ನಡುವೆ ತನ್ನ ಮಾತನ್ನು ತಾನು ಆಡುತ್ತಿತ್ತು. ಬೀದಿಯಲ್ಲಿ ಏನೋ ಸದ್ದಾಯಿತು. ತಲೆ ಹೊರಳಿಸಿದರೆ ದೊಡ್ಡಕ್ಕ ಸೈಕಲ್ ಅಂಗಡಿಯ ಎದುರು ಚಪ್ಪಲಿ ಬಿಟ್ಟು ನಿಂತು ಕಾಲು ಅಪ್ಪಳಿಸುತ್ತಿದ್ದಳು. ಆ ಒಂದು ಮೌನದಲ್ಲಿ ಎರಡೂ ಕೈ ಮೇಲೆ.

ಅವಳು ಗಿಟಾರು ಕೆಳಗಿಡುವುದನ್ನೂ ಮರೆತು ಕುಣಿದಳು. ಪೆಟ್ಟಿಗೆಯ ಮೇಲಿನ ಗುಂಡಿಗಳ ನಗುವ ಬಾಯಿ ಈಗ ಮುನಿದ ಬಾಯಿಯಾಗಿತ್ತು.

"ಪಾಪ ನಮ್ಮಣ್ಣ" ಎಂದಳು, ನಗುತ್ತ ಅಳುತ್ತ. "ನನ್ನೊಬ್ಬಳದೇ ಸದ್ದು ಕೇಳಿಸ್ಕೊಂಡು ಹೊಂದಿಸಿಬಿಟ್ಟಿದಾನೆ. ಜೊತೆಗೆ ಇಟ್ಟು ಕೇಳೇ ಇಲ್ಲ! ಇಷ್ಟು ದಿನ ನಾನು ಬೆರಳು ಸವೆಸಿದ್ದೇ ಸವೆಸಿದ್ದು. ಈಗಲೇ ಹೋಗಿ ಹೇಳ್ತೀನಿ. ತಲೆ ಚಚ್ಚಿಕೊಳ್ತಾನೆ ನೋಡು."

ಡಬ್ಬಣ್ಣ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಅವಳಾಗಲೇ ಬೀದಿಗಿಳಿದಿದ್ದಳು.

ಅಣ್ಣನ ಅಂಗಡಿ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡ ಒಂದು ಸಂದು. ಮೇಲಿನಿಂದ ಕೆಳಗೆ ಸ್ಪೀಕರುಗಳ ಹರಿದ ಬಾಯಿಗಳು, ಬೆಸುಗೆಯ ಹೊಗೆ. ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಒಂದು ಹಾರ್ನಿನ ಹೊಟ್ಟೆ ಬಗೆಯುತ್ತಿದ್ದ. ಅವಳು ಬಾಗಿಲಲ್ಲೇ ನಿಂತು, ಏದುಸಿರಿನಲ್ಲೇ, ಟೇಪು ಕಿತ್ತದ್ದು, ನಡುವಿನ ಗುಂಡಿ ಏರಿಸಿದ್ದು, ದೊಡ್ಡಕ್ಕ ಚಪ್ಪಲಿ ಬಿಟ್ಟು ಕುಣಿದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು.

"ಬೆರಳಲ್ಲಿ ಏನೂ ಇರಲಿಲ್ಲ ಅಣ್ಣ, ಎಲ್ಲ ಆ ನಡುವಿನ ಗುಂಡೀಲಿತ್ತು! ಒಬ್ಬಳೇ ನುಡಿಸುವಾಗ ಚೆನ್ನಾಗಿ ಕೇಳೋದು ಬೇರೆ, ಎಲ್ಲರ ಜೊತೆ ಕೇಳೋದು ಬೇರೆ. ನಿನಗೆ ಹೊಳೆದೇ ಇರಲಿಲ್ವಲ್ಲ!"

ಅವನು ಬೆಸುಗೆ ಕಡ್ಡಿಯನ್ನು ಅದರ ಗೂಡಿಗೆ ಇಟ್ಟ. ತಲೆ ಚಚ್ಚಿಕೊಳ್ಳಲಿಲ್ಲ. "ಹೌದಾ!" ಎನ್ನಲಿಲ್ಲ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಅವಳ ಮಾತು ತಾನಾಗಿ ನಿಂತಿತು. ಒಬ್ಬರಿಗೆ ಹೊಸ ಸುದ್ದಿ ಹೇಳಿದಾಗ ಮುಖದಲ್ಲಿ ಏನಾದರೂ ಒಂದು ಆಗುತ್ತದೆ; ಹುಬ್ಬು ಏರುತ್ತದೆ, ಬಾಯಿ ತೆರೆಯುತ್ತದೆ. ಅಣ್ಣನ ಮುಖದಲ್ಲಿ ಏನೂ ಆಗಿರಲಿಲ್ಲ.

"ಅಣ್ಣ" ಎಂದಳು. "ನಿನಗೆ ಗೊತ್ತಿತ್ತಾ?"

"ಕೂತ್ಕೊ ಪುಟ್ಟಿ."

"ಗೊತ್ತಿತ್ತಾ ಅಂದೆ."

"ಹದಿನಾರು ವರ್ಷದವನಿದ್ದಾಗಿಂದ ಇದೇ ಕೆಲಸ ಮಾಡ್ತಿದೀನಿ" ಎಂದ ಅವನು. "ನಡು ತೆಗೆದರೆ ಬೇಸ್ ಜನರ ಮಧ್ಯೆ ಕೇಳಲ್ಲ ಅಂತ ಗೊತ್ತಿರಲ್ವಾ ನನಗೆ?"

"ಮತ್ತೆ ಯಾಕೆ ಹಾಗೆ ಮಾಡ್ದೆ?" ಎಂದಳು.

"ಗಂಟಲು ಮಾಡು ಅಂದ" ಎಂದ ಅಣ್ಣ. "ಅವನ ದನಿಗೂ ನಿನ್ನ ತಂತಿಗೂ ಅಲ್ಲೇ ತಿಕ್ಕಾಟ. ಜನ ನಿನ್ನ ಕಡೆ ನೋಡೋಕೆ ಶುರು ಮಾಡಿದ್ರಲ್ಲ, ಆವಾಗಿಂದ. ಮಾತು ಮುಂದೆ ಇರಬೇಕು, ತಂತಿ ಹಿಂದೆ ಇರಬೇಕು ಅಂದ. ನಿನಗೆ ಹೇಳಿದ್ರೆ ನೀನು ರಂಪ ಮಾಡ್ತಿದ್ದೆ. ತಂಡ ಒಡೀತಿತ್ತು. ಅದಕ್ಕೆ... ನಿನಗೂ ಬೇಜಾರಾಗದ ಹಾಗೆ ಮಾಡ್ದೆ. ನೀನು ಕೂತು ನುಡಿಸಿದ್ರೆ ಎಷ್ಟು ಚೆನ್ನಾಗಿತ್ತು ಹೇಳು? ಸುಳ್ಳಾ? ನಿನಗೆ ಸಂತೋಷ ಆಗಲಿಲ್ವಾ?"

"ನಿನಗೇನು ಸಿಕ್ತು?"

"ಏನು ಮಾತು ಅಂತ ಆಡ್ತೀಯ."

"ಸುತ್ತಲಿನ ಎಲ್ಲ ಸಂಘದ ಸಭೆಗೂ ಇನ್ನು ಸೌಂಡಪ್ಪಂದೇ ಸೌಂಡು ಅಂತ ಗಂಟಲಣ್ಣ ಹೇಳಿದ್ದು ನೀನು ಟೇಪು ಅಂಟಿಸಿದ ಮೇಲೇ ಅಲ್ವಾ. ನೀನು ಗೆದ್ದೆ ಅಂತ ನಾನು ಎಲ್ಲರಿಗೂ ಸಿಹಿ ಹಂಚಿದೆ."

ಅವನು ಮತ್ತೆ ಹಾರ್ನಿನ ಕಡೆ ಬಗ್ಗಿದ.

ಅವಳಿಗೆ ಕಾರ್ಖಾನೆಯ ಮ್ಯಾನೇಜರನ ತಣ್ಣನೆಯ ಕೋಣೆ ಕಣ್ಣಿಗೆ ಕಟ್ಟಿತು. ಕ್ರೀಸಿಂಗಿನ ಹೆಂಗಸರನ್ನು ಅಲ್ಲಿಗೆ ಒಬ್ಬೊಬ್ಬರಾಗಿ ಕರೆದು ಮೆತ್ತನೆಯ ಕುರ್ಚಿ ಕೊಡುತ್ತಿದ್ದರು. ಹೇಳಿ ತಾಯಿ, ನಿಮ್ಮ ಕಷ್ಟ ಏನು? ಪ್ರತಿಯೊಬ್ಬಳೂ ಎದೆ ಬಿಚ್ಚಿ ಹೇಳಿಕೊಂಡು, ತನ್ನ ಮಾತು ಎಷ್ಟು ಚೆನ್ನಾಗಿ ಕೇಳಿತು ಎಂದು ಬೀಗುತ್ತ ಹೊರಗೆ ಬರುತ್ತಿದ್ದಳು. ಹೊರಗೆ ಒಂದು ಮೊಳೆಯೂ ಅಲುಗುತ್ತಿರಲಿಲ್ಲ. ಇದರ ಬಗ್ಗೆ ಓದುಮನೆಯಲ್ಲಿ ಮೇಜು ಗುದ್ದಿ ಭಾಷಣ ಮಾಡಿದವನು ಇದೇ ಗಂಟಲು. ಹೌದು ಹೌದು ಎಂದು ತಲೆ ಆಡಿಸಿದವನು ಇದೇ ಅಣ್ಣ.

"ಮ್ಯಾನೇಜರ್ ಮಾಡಿದ್ರೆ ಮೋಸ" ಎಂದಳು. "ನೀನು ಮಾಡಿದ್ರೆ ಏನು ಅಂತಾರೆ ಅಣ್ಣ ಅದಕ್ಕೆ? ನೀನೇ ಹೇಳು, ನನಗೆ ಗೊತ್ತಿಲ್ಲ."

"ದೊಡ್ಡದು ಮಾಡಬೇಡ. ನಾಲ್ಕು ಗುಂಡಿ."

"ಬೊಬ್ಬೆ ಬಂದ ಬೆರಳಿಗೆ ಮುಲಾಮು ಹಚ್ಚಿದೆಯಲ್ಲ" ಎಂದಳು. "ಊದಿದೆ. ಊದುವಾಗಲಾದರೂ ಹೇಳಬೇಕು ಅನ್ನಿಸಲಿಲ್ವಾ? ಬೆರಳಿಂದಲ್ಲ ಪುಟ್ಟಿ, ಸಾಕು ಮಾಡು ಅಂತ?"

ಅವನು ಮತ್ತೆ ಕನ್ನಡಕ ಹಾಕಿಕೊಂಡ. ಗಾಜಿನ ಹಿಂದೆ ಕಣ್ಣು ಒದ್ದೆಯಾಗಿತ್ತು. ಆ ಒದ್ದೆ ಕಣ್ಣು ಕಂಡು ಅವಳಿಗೆ ಸಿಟ್ಟು ಇನ್ನಷ್ಟು ಏರಿತು. ಏಟು ಕೊಟ್ಟವನು ತಾನೂ ಅತ್ತುಬಿಟ್ಟರೆ ಏಟು ತಿಂದವಳು ಎಲ್ಲಿಗೆ ಹೋಗಬೇಕು?

"ಭಾನುವಾರ ಗುಂಡಿ ಸರಿಮಾಡಿ ಇಡ್ತೀನಿ, ಬಿಡು" ಎಂದ.

"ನೀನು ಮುಟ್ಟಬೇಡ" ಎಂದು ಅವಳು ಸಂದಿನಿಂದ ಹೊರಗೆ ಬಂದಳು.

ಶುಕ್ರವಾರ, ಶನಿವಾರ ಒಂದೇ ಮನೆಯಲ್ಲಿ ಇದ್ದರೂ ಅವರಿಬ್ಬರ ನಡುವೆ ಮಾತಿರಲಿಲ್ಲ. ಅಮ್ಮ ಎರಡು ಸಲ ಕೇಳಿ, ಮೂರನೇ ಸಲ "ನೀವು ನೀವೇ ಕಿತ್ತಾಡಿ, ನೀವು ನೀವೇ ಒಂದಾಗ್ತೀರ, ನನಗ್ಯಾಕೆ" ಎಂದು ಸುಮ್ಮನಾದಳು. ಡಬ್ಬಣ್ಣನಿಗೆ ಹಾಡಿನಲ್ಲಿ ಮೂಕ ಚರಣ ಇರುತ್ತದೆ ಎಂದು ದಪ್ಪತಂತಿ ಹೇಳಿದಳು. "ಗಂಟಲು ಮೂರನೇ ಚರಣಕ್ಕೆ ಹಾರಿದರೆ?" ಎಂದ ಅವನು. "ನೀನು ಹಾರಬೇಡ" ಎಂದಳು. ಅವನು ತಲೆ ಕೆರೆದುಕೊಂಡು, "ನನಗೆ ಅವತ್ತೇ ಸ್ವಲ್ಪ ಅನುಮಾನ ಬಂದಿತ್ತು ಕಣೆ" ಎಂದ. "ಬಂದಿದ್ದನ್ನ ಎಲ್ಲಿ ಇಟ್ಕೊಂಡಿದ್ದೆ?" ಎಂದು ಕೇಳಿದಳು. ಅನುಮಾನ ಬಂದವರೆಲ್ಲ ಅದನ್ನು ಒಳಜೇಬಿನಲ್ಲಿ ಮಡಚಿಟ್ಟುಕೊಂಡೇ ಲೋಕ ಹೀಗೆ ನಡೆದುಕೊಂಡು ಬಂದಿದೆ.

ಭಾನುವಾರ ಬೆಳಿಗ್ಗೆ ಮೈದಾನ ತುಂಬಿತ್ತು. ಗೇಟಿನ ಮೇಲೆ ಬೀಗ, ಬೀಗದ ಹಿಂದೆ ಕಾವಲಿನವರು. ಲಾರಿಯ ಹಿಂಭಾಗವನ್ನೇ ವೇದಿಕೆ ಮಾಡಿದ್ದರು. ಕೆಳಗೆ ಒಂದು ಮೇಜಿನ ಮೇಲೆ ಎಲ್ಲರ ಸದ್ದನ್ನೂ ಬೆರೆಸುವ ಮಿಕ್ಸರು, ಅದರ ಹಿಂದೆ ಅಣ್ಣ. ಕೀಬೋರ್ಡಿನವನು ಬಂದು ಕಾಲು ಅಲ್ಲಾಡಿಸುತ್ತ ಕೂತಿದ್ದ. ಕ್ರೀಸಿಂಗಿನ ಹೆಂಗಸರು ದಪ್ಪತಂತಿಯ ಆಂಪ್ಲಿಫೈಯರನ್ನು ರಟ್ಟು ಸಾಗಿಸುವ ಕೈಗಾಡಿಯ ಮೇಲೆ ಇಟ್ಟುಕೊಂಡು ಬಂದರು. ಲಾರಿಯ ಮೇಲೆ ಏರಿಸಲಿಲ್ಲ. ಮುಂದಿನ ಸಾಲಿನಲ್ಲಿ, ತಮ್ಮ ನಡುವೆಯೇ, ಮರದ ಅಟ್ಟಣೆಯೊಂದರ ಮೇಲೆ, ಬಾಯಿ ಜನರ ಕಡೆಗಿರುವಂತೆ ಇಟ್ಟರು. ಮೇಲಿನ ಕಪ್ಪು ಪೆಟ್ಟಿಗೆಗೆ ಟೇಪು ಇರಲಿಲ್ಲ.

ಗಂಟಲು ಲಾರಿಯಿಂದ ಬಗ್ಗಿದ. "ಇದೇನು ತಂಗಿ, ಅಲ್ಲಿ ಕೆಳಗೆ?"

"ನನ್ನ ಜಾಗ ಇದೇ."

"ಕೋರಸ್ಸಿಗೆ ಅಂತ ಮಾತಾಗಿತ್ತಲ್ಲ?"

"ನೀನು ಆಡಿದ್ದೆ. ನಾನು ಆಡಿರಲಿಲ್ಲ."

ಗಂಟಲು ಅಣ್ಣನ ಕಡೆ ನೋಡಿದ. ಆ ನೋಟದಲ್ಲಿ ಎಲ್ಲ ಇತ್ತು. ಅಣ್ಣ ಮಿಕ್ಸರಿನ ವೈರು ಹಿಡಿದು ಜನರ ನಡುವೆ ದಾರಿ ಮಾಡಿಕೊಂಡು ಬಂದ. ಅವಳ ಆಂಪ್ಲಿಫೈಯರಿಗೆ ಚುಚ್ಚಿದರೆ ಅವಳ ಸದ್ದು ಮೇಜಿನ ಮೇಲೆ ಅವನ ಬೆರಳಿನ ಕೆಳಗೆ ಬರುತ್ತಿತ್ತು.

"ಕೊಡು ಪುಟ್ಟಿ. ದೊಡ್ಡ ಸ್ಪೀಕರಿಗೆ ಹೋದ್ರೆ ಹಿಂದಿನವರಿಗೂ ಕೇಳುತ್ತೆ. ನಿನ್ನಾಣೆ, ಇಳಿಸಲ್ಲ."

ಕೈ ಚಾಚಿಕೊಂಡು ನಿಂತಿದ್ದ. ಅವನು ಇಳಿಸದೇ ಇರಬಹುದು. ಅದೇ ಅವಳಿಗೆ ನೋವಾದದ್ದು: ಇಳಿಸುವುದಿಲ್ಲ ಎಂದು ಅವಳಿಗೆ ನಂಬಬೇಕು ಅನ್ನಿಸುತ್ತಿತ್ತು, ಎಷ್ಟು ಹುಡುಕಿದರೂ ನಂಬುವುದು ಹೇಗೆಂದು ಸಿಗುತ್ತಿರಲಿಲ್ಲ.

"ಹಿಂದಿನವರಿಗೆ ಮುಂದಿನವರ ಕಾಲು ಹೇಳುತ್ತೆ" ಎಂದಳು. "ನೀನು ಹೋಗು."

ಹಾಡು ಶುರುವಾಯಿತು. ಗಂಟಲು ಎಂದಿನಂತೆ ಚೆನ್ನಾಗಿ ಹಾಡಿದ. ಅವನ ದನಿಯಲ್ಲಿ ಸುಳ್ಳಿರಲಿಲ್ಲ, ಅದೂ ಒಂದು ಸಂಕಟ. ಎರಡನೇ ಚರಣ ಮುಗಿದದ್ದೇ ತಡ, ಮೂರನೆಯದಕ್ಕೆ ಬಾಯಿ ತೆರೆದ. ಡಬ್ಬಣ್ಣ ಹಾರಲಿಲ್ಲ. ಧಂ, ಧಂಧಂ, ಏನಿಲ್ಲ. ಒರಟು, ಮೂಗಿನ, ಗಂಟುಗಂಟಾದ ಸದ್ದು ಮೈದಾನದ ನೆಲದ ಮೇಲೆ ಹರಿದು ಹೋಯಿತು. ಗಂಟಲಿನ ಮೊದಲ ಸಾಲು ಅದರ ಮೇಲೆ ಎಡವಿ ಬಿತ್ತು. ಕೀಬೋರ್ಡಿನವನು ಯಾರನ್ನು ಹಿಂಬಾಲಿಸಬೇಕೆಂದು ತಿಳಿಯದೆ ಕೈ ಎತ್ತಿಬಿಟ್ಟ. ಮುಂದಿನ ಸಾಲಿನಲ್ಲಿ ದೊಡ್ಡಕ್ಕನ ಕಾಲು ನೆಲಕ್ಕೆ ಬಿತ್ತು, ಪಕ್ಕದವಳದು, ಅವಳ ಹಿಂದಿನವಳದು. ಆ ಒಂದು ಮೌನದಲ್ಲಿ ಕ್ರೀಸಿಂಗಿನವರ ಕೈಗಳೆಲ್ಲ ಮೇಲೆ ಹೋದವು. ಕೆಲವು ಕೈಗಳಲ್ಲಿ ಬೆರಳುಗಳು ಪೂರ್ತಿ ಇರಲಿಲ್ಲ. ಲೋಡಿಂಗಿನವರು ಅದನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಅವರ ಬೂಟುಗಳೂ ಬಿದ್ದವು. ಲಾರಿ ಚಾಲಕರು, ಬಣ್ಣದ ಕಾರ್ಖಾನೆಯವರು, ಹೆಸರೇ ತಿಳಿಯದವರು. ಧೂಳು ಸೊಂಟದವರೆಗೆ ಎದ್ದಿತು. ಗಂಟಲು ಜಾಣ, ಬಾಯಿ ಮುಚ್ಚಿ, ತಾನೂ ಕೈ ಎತ್ತಿ, ಇದೆಲ್ಲ ತನ್ನದೇ ಏರ್ಪಾಡು ಎಂಬಂತೆ ನಿಂತುಬಿಟ್ಟ.

ಸಭೆಯಲ್ಲಿ ಮೊದಲ ಮಾತಿಗೇ ತೀರ್ಮಾನವಾಯಿತು. ಒಂದು ವಿಭಾಗ ಗುತ್ತಿಗೆಗೆ ಹೋದರೆ ಎಲ್ಲ ವಿಭಾಗವೂ ಕೆಲಸ ನಿಲ್ಲಿಸಿ ಹೊರಗೆ. ಕೈ ಎತ್ತದವರು ಕಾಣಲಿಲ್ಲ.

ಜನ ಚದುರುವಾಗ ಲಾರಿ ಚಾಲಕರ ಸಂಘದ ಹಿರಿಯ ಮಿಕ್ಸರಿನ ಮೇಜಿಗೆ ಬಂದು ಅಣ್ಣನ ಬೆನ್ನ ಮೇಲೆ ದೊಡ್ಡದಾಗಿ ಗುದ್ದಿದ.

"ಏನ್ ಸೌಂಡಪ್ಪಾ! ಇವತ್ತಿಂದು ಸೌಂಡ್ ಅಂದ್ರೆ ಸೌಂಡು! ಆ ತಂತಿ ಸದ್ದು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದೆ? ನಿನ್ನ ಕೈಲಿ ಏನೋ ಇದೆ ಮಾರಾಯ."

ಇನ್ನಿಬ್ಬರು ಸೇರಿಕೊಂಡರು. ಒಬ್ಬ ಅಣ್ಣನ ಕೈ ಹಿಡಿದು ಕುಲುಕಿದ. ದಪ್ಪತಂತಿ ಹತ್ತು ಹೆಜ್ಜೆ ಆಚೆ ಗಿಟಾರಿನ ವೈರು ಕಿತ್ತು ಮೊಣಕೈಗೆ ಸುತ್ತುತ್ತಿದ್ದಳು. ಸುತ್ತುವ ಕೈ ತಾನಾಗಿ ನಿಧಾನವಾಯಿತು. ಅಣ್ಣ ತಲೆ ಎತ್ತಿ ಅವಳ ಕಡೆ ನೋಡಿದ, ನೇರವಾಗಿ. ಒಂದೇ ಮಾತು ಸಾಕಿತ್ತು. ನಾನಲ್ಲ, ಅವಳು. ಅಷ್ಟು ಅಂದಿದ್ದರೆ ಏನೋ ಒಂದು ಅಲ್ಲಿಂದ ಮತ್ತೆ ಶುರುವಾಗಬಹುದಿತ್ತು. ಅದಕ್ಕಾಗಿ ಕಾಯುತ್ತಿದ್ದೇನೆ ಎಂದು ಅವಳಿಗೆ ಆಗಲೇ ತಿಳಿದದ್ದು.

"ಏನೋ ಎಲ್ಲ ನಿಮ್ಮ ಆಶೀರ್ವಾದ" ಎಂದ ಅಣ್ಣ, ಹಿರಿಯನಿಗೆ, ತಲೆ ತಗ್ಗಿಸಿ.

ಅವಳು ಉಳಿದ ವೈರನ್ನು ಬೇಗ ಬೇಗ ಸುತ್ತಿದಳು. ಕೈಗಾಡಿಯ ಹಿಡಿಕೆಗೆ ಕೈ ಹಾಕಿ, "ದೊಡ್ಡಕ್ಕ, ಆ ಕಡೆ ಹಿಡಿ" ಎಂದಳು. ಗಾಡಿ ಮೈದಾನದ ತಗ್ಗಿನಲ್ಲಿ ಸಿಕ್ಕಿಕೊಂಡಾಗ ಅಣ್ಣ ಓಡಿ ಬಂದು ಹಿಂದಿನಿಂದ ತಳ್ಳಲು ಬಗ್ಗಿದ.

"ಬಿಡು ಸೌಂಡಪ್ಪ" ಎಂದಳು ಅವಳು. "ನಮ್ಮವರಿದಾರೆ."